ಕಂಬದ ಪಕ್ಕದ ನಾಲ್ಕು ಸೆಕೆಂಡು

ಆ ವಾರ ನಾನು ಹಳೆಯ ಮದುವೆಗಳನ್ನು ಅಳಿಸುತ್ತಾ ಕೂತಿದ್ದೆ. ದಾವಣಗೆರೆಯ ನಿಟ್ಟುವಳ್ಳಿಯಲ್ಲಿರುವ ನನ್ನ ಸ್ಟುಡಿಯೊದ ಒಳಕೋಣೆಯಲ್ಲಿ ಹದಿನೇಳು ಹಾರ್ಡ್ ಡಿಸ್ಕ್‌ಗಳಿದ್ದವು. ಒಂದೊಂದನ್ನೇ ಕಂಪ್ಯೂಟರಿಗೆ ಸಿಕ್ಕಿಸಿ, ಮೇಲಿನ ಚೀಟಿ ಓದಿ, ಫಾರ್ಮ್ಯಾಟ್ ಒತ್ತಿ ಹೊರಗೆ ಹೋಗುತ್ತಿದ್ದೆ. ಟೀ ಕುಡಿದು ಬರುವಷ್ಟರಲ್ಲಿ ಒಂದು ವರ್ಷದ ಮದುವೆಗಳು ಮುಗಿದಿರುತ್ತಿದ್ದವು. ಖಾಲಿಯಾದ ಡಿಸ್ಕ್‌ಗಳನ್ನು ಎದುರಿನ ಸಿಸಿಟಿವಿ ಅಂಗಡಿಯವನು ಒಯ್ಯುತ್ತಿದ್ದ. ಸ್ಟುಡಿಯೊ ಬಿಟ್ಟುಕೊಡುವುದೆಂದು ತೀರ್ಮಾನಿಸಿಯಾಗಿತ್ತು.

ಕಾರಣ ಕೇಳಿದವರಿಗೆ ಮೊಬೈಲ್ ಬಂತು, ಡ್ರೋನ್ ಬಂತು ಎನ್ನುತ್ತಿದ್ದೆ. ಅದು ನಿಜವಾದ ಕಾರಣವಲ್ಲ. ಒಂದು ಮದುವೆಗೆ ನಾಲ್ಕು ಸಾವಿರ ಚಿತ್ರ ತೆಗೆದು ಮನೆಗೆ ಬಂದರೆ ಅದರಲ್ಲಿ ಒಂದನ್ನಾದರೂ ತೆರೆದು ನೋಡಬೇಕೆಂದು ನನಗೆ ಅನ್ನಿಸುತ್ತಿರಲಿಲ್ಲ. ಮದುಮಕ್ಕಳು ಮೊದಲೇ ರೀಲ್ಸ್ ಕಳಿಸಿ ಇದೇ ಥರ ಬೇಕು ಎನ್ನುತ್ತಿದ್ದರು, ನಾನು ಅದೇ ಥರ ತೆಗೆಯುತ್ತಿದ್ದೆ. ಭೌತಶಾಸ್ತ್ರ ಎಂ.ಎಸ್ಸಿ. ಓದುವಾಗ ಬೆಳಕಿನ ಹುಚ್ಚಿಗೆ ಬಿದ್ದು ಕ್ಯಾಮೆರಾ ಹಿಡಿದವನು, ಬೆಳಕು ಎಲ್ಲಿಂದ ಬರುತ್ತಿದೆ ಎಂದು ತಿರುಗಿ ನೋಡುವುದನ್ನೂ ಬಿಟ್ಟಿದ್ದೆ.

ಹರಿಹರದ ಹತ್ತಿರದ ಗುತ್ತೂರಿನ ಹೆಣ್ಣುಮಗಳೊಬ್ಬರು ಬಂದದ್ದು ಒಂಬತ್ತನೇ ಡಿಸ್ಕ್ ಅಳಿಯುತ್ತಿದ್ದಾಗ. ಮೂವತ್ತೈದರ ಆಸುಪಾಸು, ದಾವಣಗೆರೆಯ ಗಾರ್ಮೆಂಟ್ಸ್ ಒಂದರಲ್ಲಿ ಕೆಲಸ. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಅಣ್ಣ, ನನ್ ಗುರ್ತು ಸಿಗ್ಲಿಲ್ವಾ? ಹನ್ನೆರಡು ವರ್ಷದ ಹಿಂದೆ ಹರಿಹರದಾಗೆ ನಮ್ಮ ಮದ್ವಿ ಫೋಟೊ ನೀವೇ ತೆಗ್ದಿದ್ದು."

ಗುರುತು ಸಿಕ್ಕಿದವನಂತೆ ತಲೆ ಆಡಿಸಿದೆ.

"ನಮ್ಮತ್ತೆ ತೀರ್ಕೊಂಡು ಮೂರು ದಿನ ಆತು. ಹನ್ನೊಂದನೇ ದಿನದ ಕಾರ್ಯಕ್ಕೆ ಫೋಟೊ ಇಡ್ಬೇಕು. ಮನಿಯಾಗೆ ಒಂದೂ ಇಲ್ಲ."

ಇಂದಿನ ಕಾಲದಲ್ಲಿ ಒಬ್ಬರ ಫೋಟೊ ಇಲ್ಲವೆಂದರೆ ನಂಬುವುದು ಕಷ್ಟ. ಅವರು ಮೊಬೈಲ್ ತೆಗೆದು ತೋರಿಸಿದರು. ರೊಟ್ಟಿ ಬಡಿಯುತ್ತಿರುವ ಒಂದು ಬೆನ್ನು. ಸೆರಗಿನಿಂದ ಮುಖ ಮುಚ್ಚಿಕೊಂಡ ಒಂದು ಚಿತ್ರ. ಕ್ಯಾಮೆರಾದ ಕಡೆ ಚಾಚಿದ ಅಂಗೈ, ಅದರ ಹಿಂದೆ ಕನ್ನಡಕದ ಒಂದು ಗಾಜು. ಆಧಾರ್ ಕಾರ್ಡಿನಲ್ಲಿ ಕಣ್ಣು ಅರ್ಧ ಮುಚ್ಚಿ ಮುಖ ಬೂದಿಯಾಗಿತ್ತು. ಇನ್ನೊಂದಿತ್ತು, ಕೊನೆಯ ದಿನ ಗೋಡೆಗೆ ಒರಗಿಸಿ ಕೂರಿಸಿ ಹಾರ ಹಾಕಿದಾಗ ಯಾರೋ ತೆಗೆದದ್ದು. ಅದನ್ನು ಅವರು ಬೇಗನೆ ಸರಿಸಿದರು. "ಆ ಮುಖ ಬ್ಯಾಡಣ್ಣ."

"ಫೋಟೊ ಅಂದ್ರೆ ಯಾಕ ಹಂಗೆ ಮಾಡ್ತಿದ್ರು?"

"ಯಾರಿಗ್ಗೊತ್ತು. ಮೊಬೈಲ್ ಎತ್ತಿದ್ರೆ ಸಾಕು, ನಂದ್ಯಾಕ್ರವ್ವ ಅಂತ ಎದ್ದು ಹೋಗೋರು. ನಮ್ಮನೆಯವ್ರಿಗೆ ಅದೇ ಸಿಟ್ಟು. ಮಗನ ಮದ್ವಿ ಫೋಟೊಕ್ಕೂ ನಿಲ್ಲಲಿಲ್ಲ ನಮ್ಮವ್ವ, ತಾನೇ ಇಳ್ದು ಹೋದ್ಲು ಅಂತ ಈಗ್ಲೂ ಅಂತಾರೆ."

ಆಗ ನನಗೆ ನೆನಪಾಯಿತು. ಅಥವಾ ನೆನಪಾಯಿತು ಅಂದುಕೊಂಡೆ. ಹರಿಹರದ ಒಂದು ಕಲ್ಯಾಣ ಮಂಟಪ, ಗಂಡ ಇಲ್ಲದ ತಾಯಿ, ವೇದಿಕೆಗೆ ಬರಲು ಹಿಂಜರಿಕೆ. ನಾನೇ ಹೋಗಿ ಕರೆತಂದು ಮದುಮಕ್ಕಳ ನಡುವೆ ನಿಲ್ಲಿಸಿ ಚಿತ್ರ ತೆಗೆದೆ, ಹಿರಿಯರೊಬ್ಬರು ಮುಖ ಸಿಂಡರಿಸಿದರು. ಆಮೇಲೆ ಕಿಟಕಿಯ ಪಕ್ಕ ಆಕೆಯೊಬ್ಬರದೇ ಒಂದು ಚಿತ್ರವನ್ನೂ ತೆಗೆದೆ, ಹಸಿರು ಸೀರೆ. ಈ ಪ್ರಸಂಗವನ್ನು ನಾನು ಗೆಳೆಯರ ಮುಂದೆ ಎಷ್ಟೋ ಸಲ ಹೇಳಿದ್ದೇನೆ. ಕಾಲೇಜೊಂದರಲ್ಲಿ ಮಾತನಾಡಲು ಕರೆದಾಗಲೂ ಹೇಳಿದೆ, ಮಕ್ಕಳು ಚಪ್ಪಾಳೆ ತಟ್ಟಿದರು.

"ಐತಮ್ಮ, ನಾನು ತೆಗ್ದೀನಿ. ಕಿಟಕಿ ಹತ್ರ, ಹಸಿರು ಸೀರೆ ಉಟ್ಟಿದ್ರು," ಎಂದೆ.

ಅವರು ಹುಬ್ಬು ಗಂಟಿಕ್ಕಿದರು. "ಹಸಿರಾ? ಕಂದು ಬಣ್ಣದ ಇಳಕಲ್ ಅಲ್ವಾ ಉಟ್ಟಿದ್ದು?"

"ಇರ್ಲಿ, ಹುಡುಕಿ ಕೊಡ್ತೀನಿ," ಎಂದು ಮಾತು ಕೊಟ್ಟೆ.

ಅವರು ಹೋದ ಮೇಲೆ ಚೀಟಿಗಳನ್ನು ಓದಿದೆ. ಗುತ್ತೂರಿನ ಮದುವೆ ನಾಲ್ಕನೇ ಡಿಸ್ಕಿನಲ್ಲಿತ್ತು. ನಾಲ್ಕನೆಯದನ್ನು ಎರಡು ದಿನದ ಹಿಂದೆಯೇ ಅಳಿಸಿದ್ದೆ.

ಎದುರಿನ ಅಂಗಡಿಗೆ ಓಡಿದೆ. ಡಿಸ್ಕ್ ಆಗಲೇ ಒಂದು ರೆಕಾರ್ಡರಿನೊಳಗೆ ಕೂತು ಪರೀಕ್ಷೆಗೆಂದು ರಸ್ತೆಯನ್ನು ಚಿತ್ರಿಸುತ್ತಿತ್ತು. ಬಿಚ್ಚಿ ತಂದು, ಅಳಿಸಿದ್ದನ್ನು ಮರಳಿ ತೆಗೆಯುವ ಸಾಫ್ಟ್‌ವೇರ್ ಹಾಕಿ ಹದಿನಾಲ್ಕು ತಾಸು ಓಡಿಸಿದೆ. ಸಿಕ್ಕಿದ್ದು ಬೇರೆ ಯಾವುದೋ ಮದುವೆಯ ಊಟದ ಸಾಲು, ಮೇಲಿನ ಕಾಲುಭಾಗ ಮಾತ್ರ ಉಳಿದ ಒಂದು ಮಂಟಪ, ಉಳಿದಂತೆ ನಿಟ್ಟುವಳ್ಳಿಯ ಆಟೊಗಳು, ಸ್ಕೂಟರುಗಳು, ಅಂಗಡಿಯ ಮುಂದೆ ಮಲಗಿದ್ದ ಒಂದು ನಾಯಿ. ಆ ಮದುವೆಯ ಮೇಲೆ ನಮ್ಮ ರಸ್ತೆ ಹಾದುಹೋಗಿತ್ತು.

ಮರುದಿನ ಅವರ ಮನೆಯಿಂದ ಆಲ್ಬಂ ತರಿಸಿಕೊಂಡೆ. ನಲವತ್ತು ಪುಟ. ಆ ತಾಯಿಯನ್ನು ಭೂತಗನ್ನಡಿ ಹಿಡಿದು ಹುಡುಕಿದೆ. ಒಂದು ಪುಟದ ಅಂಚಿನಲ್ಲಿ ಕಂದು ಸೆರಗು. ಇನ್ನೊಂದರಲ್ಲಿ ಮೊಣಕೈ. ಧಾರೆಯ ಪುಟದಲ್ಲಿ ಯಾರದೋ ಪೇಟದ ಹಿಂದೆ ಅರ್ಧ ಕನ್ನಡಕ. ನಡುವೆ ನಿಲ್ಲಿಸಿ ತೆಗೆದೆನೆಂದು ನಾನು ಹೇಳುತ್ತಿದ್ದ ಚಿತ್ರ ಎಲ್ಲೂ ಇರಲಿಲ್ಲ. ಆಲ್ಬಂ ವಿನ್ಯಾಸ ಮಾಡಿದವನೂ ನಾನೇ. ಅಂಥ ಚಿತ್ರ ಇದ್ದಿದ್ದರೆ ಹಾಕದೆ ಬಿಡುತ್ತಿದ್ದೆನೇ? ಹಿರಿಯರು ಬೇಡವೆಂದಿರಬಹುದೇ? ಕಿಟಕಿಯ ಪಕ್ಕದ ಚಿತ್ರ ಅಳಿದ ಡಿಸ್ಕಿನಲ್ಲಿದ್ದಿರಬಹುದೇ? ಇದ್ದರೆ ಅಳಿಸಿದವನು ನಾನು. ಇರದಿದ್ದರೆ ಇಷ್ಟು ವರ್ಷ ಸುಳ್ಳು ಹೇಳಿದವನು ನಾನು. ಎರಡರಲ್ಲಿ ಯಾವುದು ಕಡಿಮೆ ಕೆಟ್ಟದ್ದು ಎಂದು ಲೆಕ್ಕ ಹಾಕುತ್ತಿದ್ದೇನೆ ಎಂಬುದು ಹೊಳೆದಾಗ ನನ್ನ ಮೇಲೆ ನನಗೇ ಬೇಸರವಾಯಿತು.

ಉಳಿದದ್ದು, ಆ ದಿನ ನನ್ನ ಜೊತೆ ಬಂದಿದ್ದವನೊಬ್ಬ ತೆಗೆದ ವಿಡಿಯೊ. ಮನೆಯವರಿಗೆ ಕೊಟ್ಟಿದ್ದ ಡಿವಿಡಿಯಲ್ಲಿ ಹಾಡು ಹಾಕಿ, ಹೂವು ಉದುರಿಸಿ, ಹೃದಯದಾಕಾರದೊಳಗೆ ಮದುಮಕ್ಕಳನ್ನು ತಿರುಗಿಸಿ ಎಲ್ಲ ಹಾಳು ಮಾಡಿದ್ದೆವು. ಆದರೆ ಮೂಲ ಟೇಪುಗಳು ನನ್ನ ಅಟ್ಟದ ಮೇಲೆ ಚಪ್ಪಲಿ ಡಬ್ಬಿಯೊಂದರಲ್ಲಿದ್ದವು. ಫಾರ್ಮ್ಯಾಟ್ ಮಾಡಲು ಬರುವುದಿಲ್ಲವೆಂಬ ಒಂದೇ ಕಾರಣಕ್ಕೆ ಉಳಿದವು. ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡ ಮೂರು ಟೇಪು. ಓಡಿಸಲು ಕ್ಯಾಮೆರಾ ಮಾತ್ರ ನನ್ನಲ್ಲಿರಲಿಲ್ಲ.

ಅದು ಇದ್ದದ್ದು ಹರಿಹರದಲ್ಲಿ, ನನಗೆ ಕೆಲಸ ಕಲಿಸಿದ ಹಿರಿಯರ ಬಳಿ. ಊರೆಲ್ಲ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತದೆ. ಸ್ಟುಡಿಯೊ ನಿಲ್ಲಿಸಿ ವರ್ಷಗಳಾದರೂ ಒಂದು ಯಂತ್ರವನ್ನೂ ಎಸೆದವರಲ್ಲ.

"ಏನಪ್ಪಾ ವಿಜ್ಞಾನಿ, ದಾರಿ ತಪ್ಪಿ ಬಂದ್ಯಾ?" ಎಂದರು. ಟೇಪು ಕೈಗೆ ಕೊಟ್ಟೆ. ಮೂಗಿನ ಹತ್ತಿರ ಹಿಡಿದು ಮೂಸಿದರು. "ಬೂಸ್ಲು ಹಿಡ್ದೈತೆ. ಕೂಡು, ನೋಡಾನ."

ಮೊದಲನೆಯ ಟೇಪು ಓಡಿತು, ಆದರೆ ಪರದೆಯ ಮೇಲೆ ಬರೀ ಚೌಕಗಳು. ಮೇಷ್ಟ್ರು ಕ್ಯಾಮೆರಾದ ಹೊಟ್ಟೆ ತೆಗೆದು, ಟೇಪನ್ನು ಓದುತ್ತಾ ತಿರುಗುವ ಉರುಳೆಯನ್ನು ಮೆತ್ತನೆಯ ಚರ್ಮದ ತುಂಡಿನಿಂದ ಒರೆಸಿದರು. ಒತ್ತಿದರೆ ಉರುಳೆಯೇ ಹೋಗುತ್ತದೆ, ಒತ್ತದಿದ್ದರೆ ಕೊಳೆ ಬಿಡುವುದಿಲ್ಲ. ಮೂರನೇ ಸಲಕ್ಕೆ ಚೌಕಗಳು ಒಡೆದು ಮುಖಗಳಾದವು. ಎರಡನೇ ಟೇಪು ನಡುವೆ ಸಿಕ್ಕಿಕೊಂಡಿತು. ಯಂತ್ರ ಬಿಚ್ಚಿ ಚಿಮಟದಿಂದ ಟೇಪನ್ನು ಎಳೆಎಳೆಯಾಗಿ ಬಿಡಿಸಲು ಇಡೀ ಮಧ್ಯಾಹ್ನ ಹಿಡಿಯಿತು. ಸುಕ್ಕಾದ ಭಾಗವನ್ನು ಬೆರಳಲ್ಲಿ ನೀವಿ ಸುತ್ತಿದ ಮೇಲೆ ಓಡಿತು.

ಧಾರೆ ಮುಗಿದ ಗಳಿಗೆ ಎರಡನೇ ಟೇಪಿನಲ್ಲೇ ಇತ್ತು. ವೇದಿಕೆಯ ಮೇಲೆ ಗದ್ದಲ. ಗಂಡಿನ ಪೇಟವನ್ನು ಯಾರೋ ಸರಿಮಾಡುತ್ತಿದ್ದಾರೆ, ಅವನ ಬೆನ್ನು ನಮ್ಮ ಕಡೆಗಿದೆ. ಮೂಲೆಯಲ್ಲಿ ಕಂದು ಇಳಕಲ್ ಸೀರೆಯ ಹೆಂಗಸು, ಹಣೆಯ ಮೇಲೆ ವಿಭೂತಿ ಮಾತ್ರ. ಆಮೇಲೆ ಒಂದು ದನಿ ಕೇಳಿಸಿತು, ತೆಳ್ಳಗೆ, ಅವಸರದಲ್ಲಿ.

"ಅಮ್ಮಾರೆ, ನೀವು ಸ್ವಲ್ಪ ಕೆಳಗೆ ನಿಂತ್ಕೊಳ್ರಿ. ಮುತ್ತೈದೇರ ಫೋಟೊ ಐತೆ."

"ಹೂಂ ತಮ್ಮಾ, ಇಳೀತೀನಿ. ಮೆಟ್ಲು ಎಲ್ಲೈತಪ್ಪ?"

ಉತ್ತರವಿಲ್ಲ. ಫ್ಲ್ಯಾಷ್ ಮಿಂಚಿತು, ಮತ್ತೆ ಮಿಂಚಿತು.

ಆ ದನಿ ನನ್ನದು.

ಮೇಷ್ಟ್ರು ಟೇಪು ನಿಲ್ಲಿಸಿದರು. ನಾನು ಇನ್ನೊಮ್ಮೆ ಹಾಕಿ ಎಂದೆ. ದನಿ ಬದಲಾಗಲಿಲ್ಲ.

"ಹಣೆ ನೋಡಿ ಫ್ರೇಮ್ ಹಿಡಿ ಅಂತ ನೀವೇ ಕಲಿಸಿದ್ದು ಮೇಷ್ಟ್ರೇ," ಎಂದೆ. ನಮ್ಮ ಕಡೆ ಮದುವೆ ಫೋಟೊ ತೆಗೆಯುವವರು ಯಾರೂ ಬರೆದಿಟ್ಟುಕೊಳ್ಳದ ಪಾಠ ಅದು. ಮಂಗಳಕಾರ್ಯದ ಚಿತ್ರದಲ್ಲಿ ಕುಂಕುಮವಿಲ್ಲದ ಹಣೆ ಬಂದರೆ ಆಲ್ಬಂ ನೋಡುವಾಗ ಯಾರಾದರೂ ಹಿರಿಯರು ತಕರಾರು ತೆಗೆಯುತ್ತಾರೆ. ಅದಕ್ಕೆ ಮೊದಲೇ ಸರಿಸಿಬಿಡುವುದು. ಮನೆಯವರು ಹೇಳುವವರೆಗೂ ಕಾಯುವುದಿಲ್ಲ. ಹೇಳುತ್ತಾರೋ ಇಲ್ಲವೋ ಎಂದು ನೋಡುವುದೂ ಇಲ್ಲ.

ಮೇಷ್ಟ್ರು ಚಿಮಟವನ್ನು ಡಬ್ಬಿಗೆ ಹಾಕಿದರು. "ನಾ ಕಲಿಸ್ದೆ, ಹೌದು. ನಾನು ಏಳ್ನೇ ಕ್ಲಾಸು ಫೇಲು. ನೀನು ಎಂ.ಎಸ್ಸಿ ಓದಿದವ, ಯಾಕ ಕಲ್ತಿ?"

ನಗುತ್ತಲೇ ಕೇಳಿದರು. ನಾನು ನಗಲಿಲ್ಲ. ವಿಶ್ವವಿದ್ಯಾಲಯದಲ್ಲಿ ಇದ್ದಾಗ ಇಂಥ ಕಟ್ಟಲೆಗಳ ವಿರುದ್ಧ ಭಾಷಣ ಮಾಡಿದವನು ನಾನು. ಮಾಡಿದ್ದೆ ಅಂತ ನೆನಪು. ಈಗ ಅದಕ್ಕೂ ಟೇಪು ಇದ್ದರೆ ಚೆನ್ನಾಗಿತ್ತು.

"ಮುಂದೆ ಓಡಿಸ್ರಿ," ಎಂದೆ.

ಆಕೆ ಮೆಟ್ಟಿಲು ಹುಡುಕಿಕೊಂಡು ಇಳಿದು ವೇದಿಕೆಯ ಕೆಳಗೆ ಒಂದು ಕಂಬದ ಪಕ್ಕ ನಿಂತಿದ್ದರು. ವಿಡಿಯೊದವನಿಗೆ ನನ್ನ ಬೆನ್ನು ಅಡ್ಡ ಬಂದಿರಬೇಕು, ಕ್ಯಾಮೆರಾ ಸುಮ್ಮನೆ ಪಕ್ಕಕ್ಕೆ ತಿರುಗಿತು. ಆಗ ವೇದಿಕೆಯ ಮೇಲಿಂದ ಒಂದು ಗಂಡುದನಿ: "ಅವ್ವ ಎಲ್ಲೋದ್ಲು?"

ಇನ್ಯಾರೋ ಹೇಳಿದರು: "ಕೆಳಗದಾಳೆ ಬಿಡು. ಆಮ್ಯಾಲೆ ನಿಲ್ಸಿದ್ರಾತು."

ಆ ಮಾತು ಕೇಳಿ ಕಂಬದ ಪಕ್ಕದ ಮುಖ ಮೇಲಕ್ಕೆದ್ದಿತು. ಮಗ ತನ್ನನ್ನು ಕೇಳಿದನೆಂದು ಆಕೆಗೆ ಗೊತ್ತಾಗಿದೆ. ವಿಡಿಯೊದ ದೊಡ್ಡ ದೀಪದ ಬೆಳಕು ಎಡಗಡೆಯಿಂದ ಆಕೆಯ ಮೇಲೆ ಬಿದ್ದಿದೆ. ನಾನು ಅಳತೆ ಮಾಡಿ ಇಟ್ಟಿದ್ದರೂ ಅಷ್ಟು ಸರಿಯಾಗಿ ಬೀಳುತ್ತಿರಲಿಲ್ಲ. ಸೆರಗು ಮುಖಕ್ಕೆ ಬಂದಿಲ್ಲ, ಕೈ ಅಡ್ಡ ಇಲ್ಲ. ತುಟಿ ತೆರೆಯುವುದಕ್ಕೆ ಮುಂಚಿನ ನಗು. ನಾಲ್ಕು ಸೆಕೆಂಡು. ಆಮೇಲೆ ಹಾರದ ಬುಟ್ಟಿ ಹೊತ್ತವರೊಬ್ಬರು ಅಡ್ಡ ಬಂದರು.

ಆಮೇಲೆ ನಿಲ್ಲಿಸಿದರಾಯಿತು ಅಂದರಲ್ಲ, ಯಾರೂ ನಿಲ್ಲಿಸಲಿಲ್ಲ. ಮೂರನೇ ಟೇಪು ಪೂರ್ತಿ ನೋಡಿದೆ, ಊಟದ ಪಂಕ್ತಿಯವರೆಗೂ.

ಟೇಪನ್ನು ಮೇಷ್ಟ್ರ ಹಳೆಯ ಕಂಪ್ಯೂಟರಿಗೆ ಇಳಿಸಿ ದಾವಣಗೆರೆಗೆ ಬಂದೆ. ಕಾರ್ಯಕ್ಕೆ ನಾಲ್ಕು ದಿನ ಉಳಿದಿತ್ತು. ಪರದೆಯಲ್ಲಿ ಆಕೆಯ ಮುಖದ ಎತ್ತರ ಅರವತ್ತು ಚುಕ್ಕೆ, ಅಂದರೆ ಅರವತ್ತು ಪಿಕ್ಸೆಲ್ ಮಾತ್ರ. ಅಂಚೆಚೀಟಿಗಿಂತ ದೊಡ್ಡದು ಮಾಡಿದರೆ ಮುಖ ಕಲ್ಲುಸಕ್ಕರೆಯಂತೆ ಕಾಣುತ್ತದೆ. ಸುಲಭದ ದಾರಿ ಹಿಡಿದೆ. ಇಂಥವನ್ನು ದೊಡ್ಡದು ಮಾಡಿಕೊಡುವ ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳು ಈಗ ಬೇಕಾದಷ್ಟಿವೆ. ಒಂದು ಚಿತ್ರ ಹಾಕಿದೆ. ಅರ್ಧ ನಿಮಿಷದಲ್ಲಿ ರೆಪ್ಪೆಯ ಕೂದಲೂ ಎಣಿಸುವಂಥ ಮುಖ ಬಂತು. ಹನ್ನೆರಡು ಇಂಚಿಗೆ ಪ್ರಿಂಟ್ ತೆಗೆದು, ಸಂಜೆ ಗಾರ್ಮೆಂಟ್ಸಿನಿಂದ ಬರುವ ದಾರಿಯಲ್ಲಿ ಬನ್ನಿ ಎಂದು ಸೊಸೆಗೆ ಫೋನ್ ಮಾಡಿದೆ.

ಅವರು ಪ್ರಿಂಟನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

"ಚಂದ ಐತಣ್ಣ. ಆದ್ರೆ ಯಾರಿವ್ರು?"

"ನಿಮ್ಮತ್ತೆ."

"ನಮ್ಮತ್ತೆಗೆ ಇಷ್ಟು ಹಲ್ಲೆಲ್ಲಿದ್ವು? ಹುಬ್ಬಿನ ನಡುವೆ ಹಚ್ಚೆ ಇತ್ತು, ಸಣ್ಣ ಚುಕ್ಕಿ. ಅದೆಲ್ಲೋತು?" ಮತ್ತೆ ನೋಡಿದರು. "ಟಿವಿಯಾಗೆ ಬರೋ ಅತ್ತೆ ಇದ್ದಂಗದಾರೆ. ಇವ್ರನ್ನ ಕೂರ್ಸಿ ಪೂಜಿ ಮಾಡಿದ್ರೆ ನಮ್ಮತ್ತೆ ಬಂದು ನನ್ ಕಿವಿ ಹಿಂಡ್ತಾಳೆ."

ನಗು ಬಂದಿತ್ತು ಅವರಿಗೆ, ಅದರ ಹಿಂದೆಯೇ ಅಳು ಬಂತು. ಪ್ರಿಂಟನ್ನು ಮೇಜಿನ ಮೇಲೆ ಮಗುಚಿ ಇಟ್ಟರು. "ಸಿಗದಿದ್ರೆ ಬಿಡ್ರಿ. ಕಳಸ ಇಟ್ಟು ಮಾಡ್ತೀವಿ. ಬ್ಯಾರೆಯವ್ರ ಮುಖ ಬ್ಯಾಡ."

ಅವರು ಹೋದ ಮೇಲೆ ಅರವತ್ತು ಚುಕ್ಕೆಯ ಮೂಲ ಮುಖವನ್ನು ಮತ್ತೆ ತೆರೆದೆ. ಹುಬ್ಬಿನ ನಡುವೆ ಕಪ್ಪು ಕಲೆಯೊಂದು ಇದೆಯೋ ಇಲ್ಲವೋ. ಟೇಪಿನ ಕೊಳೆಯೂ ಇರಬಹುದು, ಹಚ್ಚೆಯೂ ಇರಬಹುದು. ಆ್ಯಪ್ ಅದನ್ನು ಕೊಳೆಯೆಂದು ಒರೆಸಿತ್ತು. ಅದನ್ನು ಬೈಯುವ ಯೋಗ್ಯತೆ ನನಗಿರಲಿಲ್ಲ. ಹನ್ನೆರಡು ವರ್ಷದ ಹಿಂದೆ ನಾನೂ ಹಣೆ ನೋಡಿಯೇ ಆಕೆಯನ್ನು ಒರೆಸಿದ್ದು.

ಆಗ ಎಂ.ಎಸ್ಸಿ. ಪ್ರಯೋಗಾಲಯದ ಒಂದು ವಿಷಯ ನೆನಪಿಗೆ ಬಂತು. ಇದು ಪಠ್ಯದಲ್ಲಿರುವುದರಿಂದ ನಂಬಬಹುದು. ಕೊಳೆ ಒಂದೊಂದು ಚಿತ್ರದಲ್ಲಿ ಒಂದೊಂದು ಕಡೆ ಬೀಳುತ್ತದೆ. ನಿಜವಾದದ್ದು ಎಲ್ಲ ಚಿತ್ರದಲ್ಲೂ ಒಂದೇ ಕಡೆ ಇರುತ್ತದೆ. ಹಲವು ಚಿತ್ರಗಳನ್ನು ಒಂದರ ಮೇಲೊಂದು ಇಟ್ಟು ಸರಾಸರಿ ತೆಗೆದರೆ ಕೊಳೆ ಕರಗಿ ನಿಜ ಉಳಿಯುತ್ತದೆ.

ನಾಲ್ಕು ಸೆಕೆಂಡೆಂದರೆ ನೂರು ಚಿತ್ರ. ಆ ಕಾಲದ ಟೇಪಿನಲ್ಲಿ ಪ್ರತಿ ಚಿತ್ರವೂ ಎರಡು ಅರ್ಧ, ಬೆಸ ಸಾಲಿನ ಗೆರೆಗಳು ಮೊದಲು, ಸರಿ ಸಾಲಿನವು ಅನಂತರ. ಆ ಎರಡರ ನಡುವೆ ತಲೆ ಅಲುಗಿದರೆ ಅಂಚು ಬಾಚಣಿಗೆಯ ಹಲ್ಲಿನಂತಾಗುತ್ತದೆ. ಮೊದಲು ಎಲ್ಲವನ್ನೂ ಬಿಡಿಸಿದೆ. ಕಣ್ಣು ಮುಚ್ಚಿದವು, ಅಲುಗಿದವು, ನೆರಳು ಬಿದ್ದವು ಹೋಗಿ ಮೂವತ್ತೊಂದು ಉಳಿದವು. ಕನ್ನಡಕದ ಎರಡು ಮೂಲೆಗಳನ್ನು ಗುರುತಾಗಿ ಇಟ್ಟುಕೊಂಡು ಒಂದೊಂದನ್ನೂ ಕೈಯಿಂದಲೇ ಜೋಡಿಸಿದೆ. ಯಂತ್ರಕ್ಕೆ ಬಿಟ್ಟರೆ ಅದು ಹಿಂದಿನ ಕಂಬವನ್ನು ಹಿಡಿದುಕೊಂಡು ಮುಖವನ್ನು ಬಿಡುತ್ತಿತ್ತು. ಮೊದಲ ಸಲ ಜೋಡಿಸಿದಾಗ ಮುಖ ಮಂಜಾಯಿತು, ಏಕೆಂದರೆ ನಗು ಹರಡುವಾಗ ಕೆನ್ನೆ ಸರಿದಿತ್ತು. ನಗುವಿನ ಮೊದಲ ಭಾಗ ಬೇರೆ, ಕೊನೆಯ ಭಾಗ ಬೇರೆ ಎಂದು ವಿಂಗಡಿಸಿ, ಕೊನೆಯ ಹತ್ತೊಂಬತ್ತನ್ನು ಮಾತ್ರ ತೆಗೆದುಕೊಂಡೆ.

ಎರಡು ದಿನ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಇದನ್ನೇ ಮಾಡಿದೆ. ಪಾಸ್‌ಪೋರ್ಟ್ ಫೋಟೊಕ್ಕೆ ಬಂದವರನ್ನು ಪಕ್ಕದವರ ಹತ್ತಿರ ಕಳಿಸಿದೆ. ಹನ್ನೆರಡನೇ ಚಿತ್ರ ಸೇರಿದಾಗ ವಿಭೂತಿಯ ಮೂರು ಗೆರೆ ಬೇರೆ ಬೇರೆಯಾದವು. ಹದಿನೇಳನೆಯದಕ್ಕೆ ಹುಬ್ಬಿನ ನಡುವಿನ ಕಲೆ ಕರಗದೆ ಉಳಿಯಿತು. ಹಚ್ಚೆ. ಕುರ್ಚಿಯಿಂದ ಎದ್ದು ನಿಂತೆ. ಡಾರ್ಕ್‌ರೂಮಿನ ತಟ್ಟೆಯಲ್ಲಿ ಬಿಳಿಯ ಕಾಗದದ ಮೇಲೆ ಮೊದಲ ಮುಖ ಮೂಡಿದಾಗ ಹೀಗೇ ಎದ್ದು ನಿಂತಿದ್ದೆನೇನೋ. ಇಷ್ಟು ವರ್ಷ ನನ್ನಿಂದ ಏನು ಹೋಗಿತ್ತೆಂದು ಆಗ ಗೊತ್ತಾಯಿತು. ಸಂತೋಷಪಡಲು ಮಾತ್ರ ಆಗಲಿಲ್ಲ. ನೂರು ಬಾರಿ ಎದುರಿಗೆ ಬಂದಿದ್ದ ಮುಖ ಅದು. ನನ್ನ ಕೈಯಲ್ಲಿ ಆ ದಿನ ಒಳ್ಳೆಯ ಕ್ಯಾಮೆರಾ, ಒಳ್ಳೆಯ ಲೆನ್ಸ್ ಇದ್ದವು. ಒಂದೇ ಸಲ ಒತ್ತಿದ್ದರೆ ಸಾಕಿತ್ತು.

ಆ ಮುಖ ನಾಲ್ಕು ಇಂಚಿನವರೆಗೆ ತಡೆಯುತ್ತಿತ್ತು, ಅದಕ್ಕಿಂತ ದೊಡ್ಡದಕ್ಕಲ್ಲ. ಕಾರ್ಯಕ್ಕೆ ಇಡುವುದು ಸಾಮಾನ್ಯವಾಗಿ ಹನ್ನೆರಡು ಹದಿನೆಂಟರ ಚೌಕಟ್ಟು. ಮುಖವನ್ನು ಎಳೆದು ದೊಡ್ಡದು ಮಾಡುವುದು ಬೇಡವೆಂದು ತೀರ್ಮಾನಿಸಿದೆ. ದೊಡ್ಡ ಚೌಕಟ್ಟಿನ ನಡುವೆ ನಾಲ್ಕು ಇಂಚಿನ ಮುಖ, ಸುತ್ತ ಖಾಲಿ ಬಿಳಿ, ಹೊಳಪಿಲ್ಲದ ಕಾಗದ.

ಕಾರ್ಯದ ಹಿಂದಿನ ದಿನ ಚೌಕಟ್ಟನ್ನು ಬೈಕಿಗೆ ಕಟ್ಟಿಕೊಂಡು ಗುತ್ತೂರಿಗೆ ಹೊರಟೆ. ಲ್ಯಾಪ್‌ಟಾಪನ್ನೂ ಚೀಲದಲ್ಲಿ ಹಾಕಿಕೊಂಡಿದ್ದೆ. ಚೌಕಟ್ಟು ಕೊಟ್ಟು ಬಂದುಬಿಟ್ಟರೆ ಮುಗಿಯುತ್ತಿತ್ತು. ಎಲ್ಲಿಂದ ಸಿಕ್ಕಿತೆಂದು ಯಾರೂ ಕೇಳುವುದಿಲ್ಲ. ಆದರೆ ಮಗ, ಅವ್ವ ತಾನೇ ಇಳಿದು ಹೋದಳು ಎಂದು ಹನ್ನೆರಡು ವರ್ಷ ನಂಬಿದ್ದ. ಸುಮ್ಮನಿದ್ದರೆ ಇನ್ನು ಉಳಿದ ಆಯುಷ್ಯವೆಲ್ಲ ಅದನ್ನೇ ನಂಬಿರುತ್ತಾನೆ. ಹರಿಹರ ದಾಟುವವರೆಗೂ ಎರಡು ಮನಸ್ಸಿತ್ತು. ಒಮ್ಮೆ ಗಾಡಿ ನಿಲ್ಲಿಸಿ, ಸತ್ತವರ ಮನೆಗೆ ಹೋಗಿ ನನ್ನ ಪಾಪ ಇಳಿಸಿಕೊಳ್ಳುವುದೂ ಒಂದು ಸ್ವಾರ್ಥವೇ ಅಲ್ಲವೇ ಎಂದೂ ವಾದ ಹೂಡಿದೆ. ನಾನು ವಾದದಲ್ಲಿ ಯಾವಾಗಲೂ ಗಟ್ಟಿ. ಆ ದಿನ ಮಾತ್ರ ಗೆಲ್ಲದೆ ಗಾಡಿ ಹೊರಡಿಸಿದೆ.

ಮಗ ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಮಾಡುವವರು, ಮಾತು ಕಮ್ಮಿ. ಚೌಕಟ್ಟಿನ ಕಾಗದ ಬಿಚ್ಚಿ, ಗೋಡೆಗೆ ಒರಗಿಸಿ, ಎದುರಿಗೆ ಕುಕ್ಕರುಗಾಲಲ್ಲಿ ಕೂತರು. ಸೊಸೆ ಬಾಗಿಲಲ್ಲಿ ನಿಂತು "ಹಚ್ಚೆ ಐತೆ ನೋಡ್ರಿ, ಹಚ್ಚೆ ಐತೆ," ಎಂದರು.

"ಯಾವಾಗಿಂದಿದು?" ಮಗ ಕೇಳಿದರು. "ಅವ್ವ ಹಿಂಗ್ಯಾವಾಗ ನಿಂತಿದ್ಲು?"

"ನಿಮ್ಮ ಮದ್ವಿ ದಿನ. ವೇದಿಕೆಯಿಂದ ಇಳಿದ ಮೇಲೆ," ಎಂದೆ. ಆಮೇಲೆ ನಿಲ್ಲಿಸದೆ ಹೇಳಿದೆ. "ಅವರು ತಾವಾಗೇ ಇಳೀಲಿಲ್ರಿ. ನಾನು ಇಳ್ಸಿದೆ. ಯಾರೂ ಹೇಳಿರ್ಲಿಲ್ಲ. ಹಣೆ ನೋಡಿ ನಾನೇ ಇಳ್ಸಿದೆ."

ಅವರು ನನ್ನ ಕಡೆ ತಿರುಗಲಿಲ್ಲ. ಲ್ಯಾಪ್‌ಟಾಪ್ ತೆರೆದು ತುಣುಕು ಹಾಕಿದೆ. ನನ್ನ ದನಿ ಆ ಮನೆಯಲ್ಲಿ ಕೇಳಿಸಿತು, ಆಮೇಲೆ ಅವರ ತಾಯಿಯದು. ತಾಯಿಯ ದನಿ ಬಂದಾಗ ಸೊಸೆ ಬಾಯಿಗೆ ಸೆರಗು ಒತ್ತಿಕೊಂಡರು. ಮಗ ಮೂರು ಸಲ ಹಾಕಿಸಿದರು.

"ಮೆಟ್ಲು ಎಲ್ಲೈತೆ ಅಂತ ಕೇಳ್ತಾಳೆ," ಎಂದರು ಕೊನೆಗೆ. "ನೀವು ಹೇಳ್ಲೇ ಇಲ್ಲ."

"ಇಲ್ರಿ."

"ಆಕಿಗೆ ಕಣ್ಣು ಸರಿ ಕಾಣ್ತಿರ್ಲಿಲ್ಲ ಆಗ. ಮರುವರ್ಷ ಆಪರೇಷನ್ ಮಾಡ್ಸಿದ್ವಿ."

ಅವರೇ ಮುಂದಿನ ಭಾಗವನ್ನು ಮತ್ತೆ ಹಾಕಿದರು. ಅವ್ವ ಎಲ್ಲೋದ್ಲು ಎಂಬ ದನಿ ಬಂತು.

"ಇದ್ಯಾರು?"

"ನೀವೇ ರೀ," ಎಂದರು ಹೆಂಡತಿ.

"ನಾನು ಕೇಳಿದ್ನಾ?" ಅವರಿಗೆ ನೆನಪಿರಲಿಲ್ಲ. ಪರದೆಯಲ್ಲಿ ತಾಯಿಯ ಮುಖ ಮೇಲೆದ್ದಿತು. ಅವರು ಗೋಡೆಗೆ ಒರಗಿದ್ದ ಚೌಕಟ್ಟನ್ನು ನೋಡಿದರು, ಪರದೆಯನ್ನು ನೋಡಿದರು. "ಕೇಳಿದ್ದಕ್ಕೆ ನಗ್ತಾಳೆ," ಎಂದರು. "ಹನ್ನೆರಡು ವರ್ಷ ಅಂದೀನಿ ಸರ್, ಮಗನ ಮದ್ವಿಗೂ ನಿಲ್ಲಲಿಲ್ಲ ನೀನು ಅಂತ. ಎದುರಿಗೇ ಅಂದೀನಿ. ಒಂದಿನಾನೂ ನಿಮ್ಮ ಸುದ್ದಿ ಹೇಳ್ಲಿಲ್ಲ ಆಕಿ. ನಂಗಿಷ್ಟ ಇಲ್ಲಪ್ಪ ಅಂತಿದ್ಲು, ಅಷ್ಟೇ."

ಎದ್ದು ಹಿತ್ತಲಿಗೆ ಹೋದರು. ನಾನು ಲ್ಯಾಪ್‌ಟಾಪ್ ಮುಚ್ಚಿದೆ. ತುಂಬ ಹೊತ್ತಾದ ಮೇಲೆ ಬಂದು ಬಾಗಿಲ ಹತ್ತಿರವೇ ನಿಂತರು.

"ಫೋಟೊ ಇಡ್ತೀವಿ. ಆ ದನಿ ನಮ್ಮ ಮೊಬೈಲಿಗೆ ಹಾಕ್ಕೊಡ್ರಿ. ನಾಳೆ ಬರೋದು ಬಿಡೋದು ನಿಮಗೆ ಬಿಟ್ಟಿದ್ದು."

ಹೋದೆ. ಯಾರೂ ಕರೆದಿರಲಿಲ್ಲ ಎನ್ನುವುದು ಸರಿ, ಬೇಡವೆಂದಿರಲಿಲ್ಲ ಎನ್ನುವುದೂ ಸರಿ. ದೊಡ್ಡ ಚೌಕಟ್ಟಿನ ನಡುವಿನ ಸಣ್ಣ ಮುಖವನ್ನು ಕೆಲವರು ಬಗ್ಗಿ ನೋಡಿದರು. ಇಷ್ಟು ಸಣ್ಣದ್ಯಾಕೆ ಎಂದು ಒಬ್ಬರು ಕೇಳಿದ್ದಕ್ಕೆ ಸೊಸೆ, "ಹತ್ರ ಬಂದು ನೋಡ್ಲಿ ಅಂತ," ಎಂದರು. ಮಗ ನನ್ನ ಜೊತೆ ಮಾತನಾಡಲಿಲ್ಲ. ಊಟಕ್ಕೆ ಮಾತ್ರ ಎಲೆ ತೋರಿಸಿದರು.

ಊಟವಾದ ಮೇಲೆ ಹೊರಬಾಗಿಲ ಪಡಸಾಲೆಯಲ್ಲಿ ಲೋಕಿಕೆರೆಯಿಂದ ಬಂದಿದ್ದ ಆಕೆಯ ತಂಗಿ ಕೂತಿದ್ದರು. ಅದೇ ಹುಬ್ಬಿನ ನಡುವೆ ಅದೇ ಹಚ್ಚೆ, ಹಣೆಯಲ್ಲಿ ವಿಭೂತಿ ಮಾತ್ರ. ಬಾಗಿಲಿನಿಂದ ಬಿಸಿಲು ನೆಲಕ್ಕೆ ಬಿದ್ದು ಅಲ್ಲಿಂದ ಪುಟಿದು ಅವರ ಗಲ್ಲದ ಕೆಳಗೆ ಮೆತ್ತಗೆ ಬೆಳಗುತ್ತಿತ್ತು. ಬೆಳಕು ಎಲ್ಲಿಂದ ಬರುತ್ತಿದೆ ಎಂದು ಯಾರೂ ಹೇಳದೆ ನಾನು ನೋಡಿದೆ. ಚೀಲದಿಂದ ಕ್ಯಾಮೆರಾ ತೆಗೆದೆ.

ತೆಗೆದದ್ದೇ ತಡ, ಅವರು ನೆಲಕ್ಕೆ ಕೈಯೂರಿ ಏಳತೊಡಗಿದರು.

"ಕೂಡ್ರಿ ಅಮ್ಮ, ಯಾಕ ಏಳ್ತೀರಿ?"

"ಫೋಟೊ ಹಿಡಿಯಾಕೆ ಬಂದೀಯಲ್ಲಪ್ಪ. ನಾ ಕೂತ್ರೆ ಅಡ್ಡ ಆಗ್ತೈತೆ."

"ನಿಮ್ಮದೇ ಹಿಡಿಯೋದು."

"ನಂದಾ?" ಸುತ್ತ ನೋಡಿದರು. "ನಂದ್ಯಾಕೋ ಮಾರಾಯ? ಸತ್ಮ್ಯಾಲೆ ಇಡಾಕಾ?"

ಒಳಗಿನಿಂದ ಸೊಸೆ ನಕ್ಕರು. "ಹಿಡಿಸ್ಕೊಳ್ರಿ ಅತ್ತೆ, ಮತ್ತೆ ಟೇಪು ಹುಡುಕಾಕೆ ನಮ್ ಕೈಲಾಗಲ್ಲ."

ಅವರು ಮತ್ತೆ ಕೂತರು. ಸೆರಗು ಮುಖದ ತನಕ ಬಂತು, ಅಲ್ಲೇ ನಿಂತಿತು. ನಾನು ಅವಸರ ಮಾಡಲಿಲ್ಲ. ಲೋಕಿಕೆರೆಯಲ್ಲಿ ಮಳೆ ಹೇಗೆ, ಅಕ್ಕ ಚಿಕ್ಕವರಿದ್ದಾಗ ಹೇಗಿದ್ದರು ಎಂದು ಕೇಳಿದೆ. ಅಕ್ಕ ಭಾರಿ ಜಗಳಗಂಟಿ ಎಂದು ಹೇಳುತ್ತಾ ಅವರು ಸೆರಗನ್ನು ಮರೆತರು. ಹನ್ನೊಂದು ಚಿತ್ರ ತೆಗೆದೆ. ಪ್ರತಿಯೊಂದನ್ನೂ ಕಾದು ತೆಗೆದೆ. ಆ ಸಂಜೆ ಸ್ಟುಡಿಯೊಗೆ ಬಂದು ಹನ್ನೊಂದನ್ನೂ ತೆರೆದು ನೋಡಿದೆ, ಮತ್ತೆ ನೋಡಿದೆ. ಉಳಿದ ಎಂಟು ಡಿಸ್ಕ್‌ಗಳನ್ನು ಎದುರಿನವನಿಗೆ ಕೊಡಲಿಲ್ಲ. ಅಳಿಸಿದ ಒಂಬತ್ತರಲ್ಲಿ ಯಾರ್ಯಾರು ಇದ್ದರೋ, ಯಾರ್ಯಾರನ್ನು ನಾನು ಇರಗೊಡಲಿಲ್ಲವೋ, ಅದು ಇನ್ನು ಗೊತ್ತಾಗುವುದಿಲ್ಲ. ಹಸಿರು ಸೀರೆಯ ಆ ಹೆಂಗಸು ಬೇರೆ ಮದುವೆಯವಳಿರಬಹುದು, ಇಲ್ಲದೆಯೂ ಇರಬಹುದು.

ಈಗ ಕ್ಯಾಮೆರಾ ಚೀಲದಲ್ಲಿ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡಿದ್ದೇನೆ. ಯಾರು, ಎಲ್ಲಿ, ಬೆಳಕು ಯಾವ ಕಡೆಯಿಂದ ಎಂದು ಬರೆಯುತ್ತೇನೆ. ಕೊನೆಗೆ, ನಾನು ಅವರಿಗೆ ಏನು ಹೇಳಿದೆ ಎಂಬುದನ್ನೂ ಅಲ್ಲೇ ನಿಂತು ಬರೆಯುತ್ತೇನೆ. ಮನೆಗೆ ಬಂದ ಮೇಲೆ ಬರೆದರೆ ಅದು ಆಗಲೇ ಚಂದವಾಗಿರುತ್ತದೆ. ಮೊದಲ ಪುಟದಲ್ಲಿ ಲೋಕಿಕೆರೆಯ ಆ ತಾಯಿಯ ಹೆಸರಿದೆ. ಪಡಸಾಲೆ, ಬೆಳಕು ಬಾಗಿಲಿನಿಂದ. ಹೊರಡುವಾಗ ಅವರು ಏಳಲು ಹೋದರು, ನಾನು ಕೈ ಹಿಡಿದು ಎಬ್ಬಿಸಿದೆ. ಹೇಳಿದ್ದು: "ಮೆಟ್ಲು ಇಲ್ಲೈತೆ ಅಮ್ಮ, ಎಡಕ್ಕೆ."